ಸಿದ್ದವ್ವನ ಕೈಗುಣ

ನಾನು ಡಾಕ್ಟರಲ್ಲ. ನಮ್ಮೂರಿನಲ್ಲಿ ನಮ್ಮವ್ವ ಏನೇ ಹೇಳಿಕೊಂಡು ತಿರುಗಲಿ, ನಾನು ಡ್ರೆಸರ್. ಎಂದರೆ ಹುಣ್ಣು ತೊಳೆದು ಬಟ್ಟೆ ಕಟ್ಟುವವನು. ಲೋವರ್ ಸೆಕೆಂಡರಿ ಪಾಸಾದ ಸರ್ಟಿಫಿಕೇಟನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎರಡು ವರ್ಷ ಹುಣಸೂರಿನ ಕಚೇರಿ ಬಾಗಿಲುಗಳಲ್ಲೆಲ್ಲ ನಿಂತೆ. ಗುಮಾಸ್ತನಾಗಲಿಲ್ಲ, ಮೇಷ್ಟರಾಗಲಿಲ್ಲ, ಕೊನೆಗೆ ಕೊಡಗಿನ ತೋಟಕ್ಕೆ ಹೋಗಿಬರುವ ಕೂಲಿಗಳ ಕಾಲಹುಣ್ಣಿಗೆ ಬಂದು ಮುಟ್ಟಿದೆ. ಬಿಳಿಯ ಕೋಟು ಕೊಟ್ಟಿದ್ದರು. ಅದು ನನಗಿಂತ ದಪ್ಪಗಿದ್ದ ಯಾರಿಗೋ ಹೊಲಿಸಿದ್ದು, ಒಳಗೆ ಇನ್ನೊಬ್ಬ ಡ್ರೆಸರ್ ಹಿಡಿಸುವಷ್ಟು ಜಾಗವಿತ್ತು. ಆದರೂ ಸಂತೆಗೆ ಹೋಗುವಾಗಲೂ ಅದನ್ನೇ ತೊಟ್ಟುಕೊಳ್ಳುತ್ತಿದ್ದೆ. ಬದನೇಕಾಯಿ ಮಾರುವವಳು ಒಮ್ಮೆ ‘ಡಾಕ್ಟ್ರೇ’ ಎಂದಳು. ಅವತ್ತು ಬೇಡದಿದ್ದರೂ ಎರಡು ಸೇರು ಬದನೇಕಾಯಿ ಕೊಂಡೆ.

ಆಸ್ಪತ್ರೆ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ರಸ್ತೆಯ ಪಕ್ಕದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಈಗಲೂ ಅಲ್ಲಿಯ ಅನ್ನವನ್ನೇ ತಿನ್ನುತ್ತಿದ್ದೇನೆ. ಯಾರೋ ಪುಣ್ಯಾತ್ಮರು ತೀರಿಹೋದ ಹೆಂಡತಿಯ ನೆನಪಿಗೆ ಕಟ್ಟಿಸಿಕೊಟ್ಟ ಹೆಂಚಿನ ಮನೆ. ಗಂಡಸರಿಗೆ ಆರು ಮಂಚ, ಹೆಂಗಸರಿಗೆ ನಾಲ್ಕು, ಹಿಂದುಗಡೆ ಹೆರಿಗೆ ಕೋಣೆ. ಒಬ್ಬರು ಡಾಕ್ಟರು, ನಂಜುಂಡಸ್ವಾಮಿ ಎಂಬ ಕಾಂಪೌಂಡರು, ಡ್ರೆಸರಾಗಿ ನಾನು, ಆಯಾ ಆಗಿ ಸಿದ್ದವ್ವ. ನಾನು ಹೇಳಹೊರಟದ್ದು ಈ ಸಿದ್ದವ್ವನ ಸಂಗತಿ. ನಡೆದದ್ದು ಕನ್ನಂಬಾಡಿ ಕಟ್ಟೆ ಮುಗಿದ ಮೂರ್ನಾಲ್ಕು ವರ್ಷಕ್ಕೆ.

ಅವಳ ಪೂರ್ತಿ ಹೆಸರು ಚಿಕ್ಕಸಿದ್ದಮ್ಮ. ಹಾಜರಿ ಪುಸ್ತಕವೊಂದನ್ನು ಬಿಟ್ಟು ಬೇರೆ ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಐವತ್ತು ದಾಟಿದ ಕುಳ್ಳು ಹೆಂಗಸು, ಮುಂದಿನ ಹಲ್ಲೊಂದಿಲ್ಲ. ಕೈ ಮಾತ್ರ ಆ ಮೈಗೆ ಯಾರೋ ತಪ್ಪಿ ಜೋಡಿಸಿದ ಹಾಗೆ ಸಣ್ಣದು, ಉದ್ದ ಬೆರಳಿನದು. ಗಂಡ ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋಗಿ ಚಳಿಜ್ವರದಲ್ಲಿ ಅಲ್ಲೇ ಮಣ್ಣಾದ ಮೇಲೆ, ಅತ್ತೆಯಿಂದ ಕಲಿತ ಸೂಲಗಿತ್ತಿ ಕೆಲಸದಲ್ಲಿಯೇ ಬದುಕಿದವಳು. ನಮ್ಮ ಹೋಬಳಿಯಲ್ಲಿ ಅರ್ಧ ಜನರನ್ನು ಈ ಲೋಕಕ್ಕೆ ಬರಮಾಡಿಕೊಂಡದ್ದು ಅವಳ ಕೈ. ನನ್ನನ್ನೂ ಅವಳೇ ಹಿಡಿದದ್ದಂತೆ. ಆಸ್ಪತ್ರೆಯಲ್ಲಿ ನಾನು ಗತ್ತು ಮಾಡಿದಾಗಲೆಲ್ಲ ಅದನ್ನು ತೆಗೆಯುತ್ತಿದ್ದಳು.

“ನಿನ್ ತಲೆ ಎಂಥ ದಪ್ಪ ಇತ್ತು ಕಣ್ಲಾ ಮುದ್ದಯ್ಯ! ನಿಮ್ಮವ್ವ ಒಂದು ದಿನ ಒಂದು ರಾತ್ರಿ ಒದ್ದಾಡ್ಬುಟ್ಲು. ಇಷ್ಟು ದಪ್ಪ ತಲೆ, ದಿವಾನ್ರೇ ಆಯ್ತಾನೆ ಅಂದಿದ್ದೆ. ಒಳಗೇನೂ ಇರ್ಲಿಲ್ಲ ಅಂತ ಈಗ ಗೊತ್ತಾಯ್ತು ಬುಡು.”

ಇಷ್ಟು ಹೆಸರಿದ್ದವಳು ಆಸ್ಪತ್ರೆಗೆ ಬಂದು ಆಯಾ ಆಗಿ ಸೇರಿದ್ದು ಮಗಳಿಗಾಗಿ. ಒಬ್ಬಳೇ ಮಗಳು, ಮಾಯಮ್ಮ. ರಾವಂದೂರಿನ ಸೋಮಯ್ಯನಿಗೆ ಕೊಟ್ಟಿತ್ತು. ಮೊದಲನೆಯ ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಎರಡನೆಯದರಲ್ಲಿ ಕೂಸೂ ಉಳಿಯಲಿಲ್ಲ, ತಾಯಿಗೂ ರಕ್ತ ನಿಲ್ಲಲಿಲ್ಲ. ಊರಿನ ಹೆಣ್ಣುಮಕ್ಕಳನ್ನೆಲ್ಲ ಬದುಕಿಸಿದ ಕೈ ಸ್ವಂತ ಮಗಳ ಮುಂದೆ ಏನೂ ಮಾಡಲಾರದೆ ಕುಳಿತುಬಿಟ್ಟಿತು. ನಮ್ಮ ಡಾಕ್ಟರು ಸುದ್ದಿ ಕೇಳಿ ಸೈಕಲ್ಲಿನಲ್ಲಿ ಹೋಗಿ, ಇಂಜೆಕ್ಷನ್ ಕೊಟ್ಟು, ಹೇಗೋ ಉಳಿಸಿದರು. ಮತ್ತೆ ಬಸಿರಾದರೆ ಮನೆಯಲ್ಲಿ ಹೆರಿಗೆ ಮಾಡಿಸಬೇಡ, ಆಸ್ಪತ್ರೆಗೇ ತರಬೇಕು ಎಂದು ಹೇಳಿದರು. ಸಿದ್ದವ್ವ ಅಂದೇ ಅವರ ಕಾಲು ಮುಟ್ಟಿದಳು. ಆರು ತಿಂಗಳಲ್ಲಿ ಆಸ್ಪತ್ರೆಯಲ್ಲೇ ಇದ್ದಳು. ‘ನನ್ ಮಗಳು ಬರೋ ಹೊತ್ಗೆ ಇಲ್ಲಿದ್ದೆಲ್ಲಾ ಕಲ್ತಿರಬೇಕು ಕಣಪ್ಪ’ ಎನ್ನುತ್ತಿದ್ದಳು.

ಅವಳಿಗೆ ಇಲ್ಲಿದ್ದೆಲ್ಲಾ ಕಲಿಸುವ ಭಾರ ನನ್ನ ಮೇಲೆ ಬಿತ್ತು. ಏನೂ ಗೊತ್ತಿಲ್ಲದವನ ಕೈಗೆ ಒಬ್ಬ ಶಿಷ್ಯೆ ಸಿಕ್ಕರೆ ಅವನು ಹೇಗೆ ಕೊಬ್ಬುತ್ತಾನೆ ಎನ್ನುವುದಕ್ಕೆ ನನ್ನನ್ನು ನೋಡಬೇಕಿತ್ತು.

ಮೊದಲ ದಿನ ಕೈ ತೊಳೆಯುವ ಬೇಸಿನ್ನು ತೋರಿಸಿದೆ. ಬಿಳಿ ಎನಾಮಲ್ಲಿನದು, ಅಂಚು ನೀಲಿ. ವರಾಂಡದಲ್ಲಿ ಮುಕ್ಕಾಲಿಯ ಮೇಲೆ ಇರುತ್ತಿತ್ತು. ಬೆಳಗ್ಗೆ ನಾನು ಅದಕ್ಕೆ ನೀರು ತುಂಬಿ ಲೈಸಾಲ್ ಎಂಬ ಔಷಧಿ ಬೆರೆಸುತ್ತಿದ್ದೆ. ನೀರು ಹಾಲು ಹಾಲಾಗಿ, ಮೂಗು ಸುಡುವ ವಾಸನೆ ಬರುತ್ತಿತ್ತು. ಮೈಸೂರಿನಿಂದ ಲೈಸಾಲ್ ಬರುವುದು ತಿಂಗಳಿಗೊಂದು ಶೀಶೆ. ಆದ್ದರಿಂದ ದಿನಕ್ಕೊಂದೇ ಬೇಸಿನ್ನು. ತೊಳೆಯುವುದಕ್ಕೂ ಒಂದು ಕ್ರಮವಿತ್ತು: ಮೊದಲು ಡಾಕ್ಟರು, ಆಮೇಲೆ ಕಾಂಪೌಂಡರು, ಆಮೇಲೆ ಡ್ರೆಸರು, ಕೊನೆಗೆ ಆಯಾ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಊಟದ ಪಂಕ್ತಿಯಲ್ಲಿ ಯಾರ ಎಲೆಗೆ ಮೊದಲು ಬಡಿಸಬೇಕು ಎಂದು ಯಾರಾದರೂ ಬರೆದಿಡುತ್ತಾರೆಯೇ?

ಸಿದ್ದವ್ವ ಬೇಸಿನ್ನನ್ನು ನೋಡಿ ಹಿಂಜರಿದಳು.

“ನೀರು ಉಯ್ಯೋರು ಯಾರಪ್ಪ?”

“ಹುಯ್ಯೋರು ಯಾಕೆ? ಅದ್ದಬೇಕು.”

“ಒಬ್ರು ಅದ್ದಿದ ನೀರ್ಗೆ ಇನ್ನೊಬ್ರು ಅದ್ದಾದಾ? ಅದು ಮೈಲಿಗೆ ಆಗಾಕಿಲ್ವಾ?”

ಹಳ್ಳಿಯಲ್ಲಿ ಅವಳ ಕ್ರಮವೇ ಬೇರೆ ಇತ್ತು. ಹೆರಿಗೆ ಮನೆಗೆ ಕಾಲಿಟ್ಟ ತಕ್ಷಣ ಒಲೆಯ ಮೇಲೆ ಹಂಡೆ ಇಡಿಸುತ್ತಿದ್ದಳು. ಮನೆಯವರು ಯಾರಾದರೂ ಚೊಂಬಿನಲ್ಲಿ ಬಿಸಿನೀರು ಹುಯ್ಯಬೇಕು, ಇವಳು ಸೀಗೆಪುಡಿ ಹಾಕಿ ಮೊಣಕೈವರೆಗೆ ಉಜ್ಜಬೇಕು, ಕೊಳೆನೀರು ಹರಿದು ಬಚ್ಚಲಿಗೆ ಹೋಗಬೇಕು. ಹುಯ್ಯುವವರು ಕೈ ಸೋತು ನಿಂತರೆ ಬೈಗುಳ. ಅವಳ ಲೆಕ್ಕದಲ್ಲಿ ಅದು ಔಷಧಿಯಲ್ಲ, ಮಡಿ. ಕೈ ಅದ್ದಿದ ನೀರು ಎಂಜಲು ಮಾಡಿದ ಅನ್ನದ ಹಾಗೆ.

ನಾನು ನಕ್ಕೆ. ನನ್ನ ಕೋಟೂ ನನ್ನ ಜೊತೆ ನಕ್ಕಂತೆ ಅಲುಗಾಡಿತು. “ಸಿದ್ದವ್ವ, ಮಡಿ ಮೈಲಿಗೆ ಎಲ್ಲ ನಿಮ್ಮ ಹಟ್ಟಿಯಲ್ಲಿ. ಇದು ಸೈನ್ಸು. ಇದು ಔಷಧಿ ನೀರು, ಇದಕ್ಕೆ ಎಂಜಲಿಲ್ಲ. ಬರೀ ನೀರು ಎಷ್ಟು ಹುಯ್ದುಕೊಂಡರೂ ಕೈ ಶುದ್ಧವಾಗಲ್ಲ. ಇದರಲ್ಲಿ ಅದ್ದಿದರೇ ಶುದ್ಧ.”

“ಗಂಗೆ ಇದ್ದಂಗೆ ಅನ್ನು.”

“ಹಾಂ, ಗಂಗೆ ಇದ್ದ ಹಾಗೆ.”

ಅಷ್ಟು ಹೇಳಿದ್ದೇ ಸಾಕಾಯಿತು. ಒಪ್ಪಿದಳೆಂದರೆ ಪೂರ್ತಿ ಒಪ್ಪುವ ಹೆಂಗಸು. ಅಂದಿನಿಂದ ಅವಳಷ್ಟು ಭಕ್ತಿಯಿಂದ ಆ ಬೇಸಿನ್ನಿನಲ್ಲಿ ಕೈ ಅದ್ದಿದವರಿಲ್ಲ. ಡಾಕ್ಟರು ಬೆರಳ ತುದಿ ಅದ್ದುತ್ತಿದ್ದರು, ನಂಜುಂಡಸ್ವಾಮಿ ಕೈಯನ್ನು ನೀರಿಗೆ ತೋರಿಸುತ್ತಿದ್ದ. ಇವಳು ಮೊಣಕೈವರೆಗೆ ಇಳಿಸಿ, ಉಗುರಿನ ಸಂದಿಯನ್ನೂ ಬಿಡದೆ ಉಜ್ಜುತ್ತಿದ್ದಳು.

ಒಂದು ವರ್ಷ ಒಳ್ಳೆಯದಾಗಿಯೇ ನಡೆಯಿತು. ಸಿದ್ದವ್ವ ಇದ್ದಾಳೆ ಎಂಬ ಧೈರ್ಯಕ್ಕೆ ಹೆಂಗಸರು ಬರತೊಡಗಿದರು. ಹೊಸ ಅಗ್ರಹಾರದ ಕಡೆಯಿಂದಲೂ ಗಾಡಿಗಳು ಬಂದವು. ಹೆರಿಗೆ ಕೋಣೆಯಿಂದ ನೋವಿನ ಕೂಗಿನ ನಡುವೆಯೇ ನಗುವೂ ಕೇಳುತ್ತಿತ್ತು. ‘ಕೂಗವ್ವ, ಚೆನ್ನಾಗಿ ಕೂಗು, ನಿನ್ ಗಂಡ ಆಚೆ ಅವ್ನೆ, ಅವನಿಗೂ ವಸಿ ಕೇಳ್ಲಿ’ ಎನ್ನುತ್ತಿದ್ದಳು.

ಆಮೇಲೆ ಆ ಮಳೆಗಾಲ ಬಂತು. ಹೆಗ್ಗಡದೇವನ ಕೋಟೆಯ ಕಾಡಿನಲ್ಲಿ ಮರ ಕಡಿಯುತ್ತಿದ್ದ ಚಿಕ್ಕಮಾದು ಎಂಬವನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಮೊಣಕಾಲ ಕೆಳಗೆ ಕೊಡಲಿ ಏಟು ಬಿದ್ದು ಹದಿನೈದು ದಿನವಾಗಿತ್ತು. ಗಾಯ ಬಾಯಿ ಬಿಟ್ಟಿತ್ತು. ಅದರ ಸುತ್ತ ಕೆಂಪು ದಿನಕ್ಕೊಂದು ಬೆರಳಗಲ ಮೇಲೇರುತ್ತಿತ್ತು. ದಿನಾ ಬೆಳಗ್ಗೆ ನಾನು ಕೀವು ತೆಗೆದು, ಐಡೋಫಾರಂ ಎಂಬ ಹಳದಿ ಪುಡಿ ಉದುರಿಸಿ, ಬಟ್ಟೆ ಕಟ್ಟಿ, ವರಾಂಡಕ್ಕೆ ಬಂದು ಕೈ ತೊಳೆಯುತ್ತಿದ್ದೆ. ನನ್ನ ಹಿಂದೆ ಸಿದ್ದವ್ವ ತೊಳೆಯುತ್ತಿದ್ದಳು.

ಅದೇ ತಿಂಗಳು ಸಾಕಮ್ಮ ಎಂಬ ಚೊಚ್ಚಲ ಬಾಣಂತಿಗೆ ಮೂರನೆಯ ದಿನ ಚಳಿ ಬಂದು ಜ್ವರ ಏರಿತು. ಹೊಟ್ಟೆ ಊದಿತು. ಒಂಬತ್ತನೆಯ ದಿನ ಹೋದಳು. ಹಳ್ಳಿಯಲ್ಲೂ ಬಾಣಂತಿಗೆ ಸನ್ನಿಯಾಗುವುದುಂಟು, ಶೀತಗಾಳಿ ತಗುಲಿತು ಎಂದರು. ಹದಿನೈದು ದಿನದ ಮೇಲೆ ಹೊಸ ಅಗ್ರಹಾರದ ಕೆಂಪಯ್ಯನವರ ಸೊಸೆಗೂ ಅದೇ ಮೂರನೆಯ ದಿನ, ಅದೇ ಚಳಿ. ಅವಳೂ ಹೋದಳು. ಮೂರನೆಯವಳೊಬ್ಬಳು ಬದುಕಿದಳು, ಆದರೆ ಅವಳನ್ನು ಗಾಡಿಗೆ ಎತ್ತಿ ಹಾಕುವಾಗ ಸೀರೆಯೊಂದನ್ನೇ ಎತ್ತಿದ ಹಾಗಿತ್ತು.

ಜನ ಅದಕ್ಕೆ ‘ಆಸ್ಪತ್ರೆ ಜ್ವರ’ ಎಂದು ಹೆಸರಿಟ್ಟರು. ಹುಣಸೂರಿನ ಸಂತೆಯಲ್ಲಿ ಅದೇ ಮಾತು. ಬಂದ ಕಾಯಿಲೆಗೆ ಆಸ್ಪತ್ರೆಗೆ ಹೋಗಬಹುದು, ಆಸ್ಪತ್ರೆಯಿಂದ ಬಂದ ಕಾಯಿಲೆಗೆ ಎಲ್ಲಿಗೆ ಹೋಗೋಣ ಎಂದು ಕೇಳಿದರು. ಕೆಂಪಯ್ಯನವರು ಎಪ್ಪತ್ತು ಜನರ ರುಜು ಹೆಬ್ಬೆಟ್ಟು ಹಾಕಿಸಿ ಅಮಲ್ದಾರರಿಗೆ ಅರ್ಜಿ ಕೊಟ್ಟರು. ಬಸ್ಸಿನ ಕಂಡಕ್ಟರು ನಮ್ಮ ನಿಲ್ದಾಣ ಬಂದಾಗ “ಸುಡುಗಾಡು, ಸುಡುಗಾಡು ಇಳ್ಕಳಿ!” ಎಂದು ಕೂಗತೊಡಗಿದ. ನಾನು ಸಂತೆಗೆ ಕೋಟು ಬಿಟ್ಟು ಹೋಗುವುದನ್ನು ಕಲಿತೆ. ಬದನೇಕಾಯಿಯವಳು ಗುರುತು ಹಿಡಿದು ಕೇಳಿದಳು: “ಏನ್ ಡಾಕ್ಟ್ರೇ, ಇವತ್ತು ಎಷ್ಟು ಹೆಣ?”

ಸಿದ್ದವ್ವನ ನಗು ನಿಂತಿತು. ಅವಳು ಒಂದು ಸಲ ತೊಳೆಯುವ ಕಡೆ ಮೂರು ಸಲ ತೊಳೆಯತೊಡಗಿದಳು. ಆ ಒಂದು ಬೇಸಿನ್ನಿನಲ್ಲೇ.

ಈ ನಡುವೆ ಮಾಯಮ್ಮನಿಗೆ ತುಂಬಿದ ತಿಂಗಳಾಯಿತು. ಸೋಮಯ್ಯ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದು ವರಾಂಡದಲ್ಲಿ ಕೂರಿಸಿ, ತಾನು ನಿಂತೇ ಮಾತಾಡಿದ. ಮೆದು ಮಾತಿನ ಒಕ್ಕಲಿಗ. ಕೋಪ ಬಂದರೂ ದನಿ ಏರುತ್ತಿರಲಿಲ್ಲ.

“ಅತ್ತೆ, ಇಲ್ಲಿ ಬ್ಯಾಡ. ಮನೇಲೇ ಮಾಡ್ಸನ. ನಿನ್ ಕೈ ಇದ್ರೆ ಸಾಕು.”

“ನನ್ ಕೈ ಹೋದ್ಸಲಾನೂ ಇತ್ತಲ್ಲಪ್ಪ. ಏನ್ ಕಿಸೀತು?”

“ಇಲ್ಲಿ ಮೂರು ಜನ ಬಿದ್ದವ್ರೆ ಅಂತಾರೆ.”

“ಮನೇಲಿ ಇನ್ನೊಂದ್ಸಲ ರಕ್ತ ಹೋದ್ರೆ ನಾಕನೇದು ಇವಳೇಯ. ಡಾಕ್ಟ್ರು ಹತ್ರ ಇರ್ಬೇಕು.” ಅವಳು ನನ್ನ ಕಡೆ ತಿರುಗಿದಳು. “ಏನಪ್ಪ ಮುದ್ದಯ್ಯ, ಓದ್ದೋನು ನೀನು. ಏನಂತೀಯ?”

ನಾನು ಏನೆನ್ನುತ್ತೇನೆ? ಓದಿದವನು. “ಧೈರ್ಯವಾಗಿ ಇಲ್ಲೇ ಮಾಡಿಸು. ಜ್ವರ ಗಾಳಿಯಿಂದ ಬಂದದ್ದು, ಮಳೆ ನಿಂತರೆ ಅದೂ ನಿಲ್ಲುತ್ತೆ” ಎಂದೆ. ಮಾಯಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. “ಅಣ್ಣ ಹೇಳ್ತಾವ್ನಲ್ಲ, ಇರ್ಲಿ ಬುಡಿ” ಎಂದು ಗಂಡನಿಗೆ ಹೇಳಿದಳು.

ಅದಾದ ಮೂರನೆಯ ದಿನ ನಾನು ಆ ಹಳದಿಯನ್ನು ಕಂಡೆ. ಸಿದ್ದವ್ವ ಕೈ ತೊಳೆದು, ಒರಸಿಕೊಳ್ಳದೆ, ಒಣಗಲೆಂದು ಬೆರಳು ಬಿಡಿಸಿ ಹಿಡಿದಿದ್ದಳು. ಬೆರಳ ಗೆಣ್ಣಿನ ಸುಕ್ಕುಗಳಲ್ಲಿ, ಉಗುರಿನ ಬುಡದಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕಿಗಳು.

“ಕೈಯಲ್ಲಿ ಅದೇನು ಸಿದ್ದವ್ವ?”

“ಔಸ್ದಿ ಕಣಪ್ಪ. ನೀರಲ್ಲಿರ್ತದಲ್ಲ, ಅಂಟ್ಕತದೆ. ಚೆಂದಾಗಿ ಅಂಟ್ಲಿ ಅಂತ್ಲೇ ನಾನು ಒರ್ಸಾಕಿಲ್ಲ.”

ಲೈಸಾಲ್‌ನಲ್ಲಿ ಹಳದಿ ಪುಡಿ ಇರುವುದಿಲ್ಲ. ಅದು ಐಡೋಫಾರಂ, ಚಿಕ್ಕಮಾದುವಿನ ಕಾಲಿನದು. ಆ ಶೀಶೆಯನ್ನು ಆಸ್ಪತ್ರೆಯಲ್ಲಿ ನಾನೊಬ್ಬನೇ ಮುಟ್ಟುತ್ತಿದ್ದದ್ದು. ಪುಡಿ ನನ್ನ ಕೈಯಿಂದ ನೀರಿಗೆ ಬಂದು, ನೀರಿನಿಂದ ಅವಳ ಕೈಗೆ ಹೋಗಿತ್ತು. ಪುಡಿ ಹೋದ ಮೇಲೆ ಆ ಗಾಯದಲ್ಲಿ ಮತ್ತೇನೇನಿತ್ತೋ ಅದು ಹೋಗದೆ ಇದ್ದೀತೇ? ಶೀಶೆ ತಿಂಗಳಿಡೀ ಬರಲಿ ಎಂದು ನಾನು ಲೈಸಾಲನ್ನು ಅಳತೆಯ ಅರ್ಧಕ್ಕೆ ಇಳಿಸಿದ್ದೆ ಎನ್ನುವುದೂ ಆಗ ನೆನಪಾಯಿತು. ನೀರು ಹಾಲಿನ ಹಾಗಲ್ಲ, ಅಕ್ಕಿ ತೊಳೆದ ನೀರಿನ ಹಾಗಿತ್ತು.

ನಂಜುಂಡಸ್ವಾಮಿಗೆ ಹೇಳಿದೆ. ಅವನು ಮಿಕ್ಸ್‌ಚರ್ ಅಲ್ಲಾಡಿಸುತ್ತಿದ್ದವನು ನಿಲ್ಲಿಸದೆಯೇ ಕೇಳಿಸಿಕೊಂಡ.

“ಅಂದ್ರೆ, ಡಾಕ್ಟ್ರು ಕೈ ತೊಳೆದ ನೀರು ಕೆಟ್ಟದ್ದು ಅಂತ ಹೇಳ್ತೀಯ.”

“ಡಾಕ್ಟರ ಕೈಯಲ್ಲ, ನನ್ನ ಕೈ.”

“ನಿನ್ ಕೈಯಿಂದ ಮೂರು ಬಾಣಂತೀರಿಗೆ ಹಿಂಗಾಯ್ತು ಅಂತ ಬರೆದು ಕೊಡು ಮತ್ತೆ. ಅಮಲ್ದಾರರಿಗೆ ಅದೇ ಬೇಕಾಗಿರೋದು. ನಮ್ಮ ಭಾವಮೈದುನ ಲೋವರ್ ಸೆಕೆಂಡರಿ ಪಾಸು ಮಾಡಿ ಮನೇಲಿ ಕೂತವ್ನೆ, ನಿನ್ ಕೋಟು ಅವನಿಗೆ ಸರಿಯಾಗಿ ಹಿಡಿಸ್ತದೆ.”

ಡಾಕ್ಟರು ಕಾಲರಾ ಸೂಜಿ ಹಾಕಲು ಕೃಷ್ಣರಾಜನಗರದ ಕಡೆ ಹೋಗಿದ್ದವರು ಸಂಜೆ ಬಂದರು. ಸೈಕಲ್ಲು ಗೋಡೆಗೆ ಒರಗಿಸಿ, ಮೈಯೆಲ್ಲ ಕೆಸರಾಗಿ, ಮೆಟ್ಟಿಲ ಮೇಲೆ ಕೂತರು. ನಾನು ಹೋಗಿ ಮುಂದೆ ನಿಂತೆ. ಒಳ್ಳೆಯ ಮನುಷ್ಯ, ಹೇಳಿದ್ದರೆ ಕೇಳುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

“ಏನು ಮುದ್ದಯ್ಯ?”

“ಲೈಸಾಲ್ ಮುಗೀತಾ ಬಂತು ಸಾರ್.”

“ಬರೆದು ಹಾಕು” ಎಂದರು. ಅಷ್ಟೇ. ನನ್ನ ಜನ್ಮದ ಶೌರ್ಯವೆಲ್ಲ ಆ ಒಂದು ವಾಕ್ಯದಲ್ಲಿ ಖರ್ಚಾಯಿತು.

ಸಿದ್ದವ್ವನಿಗಾದರೂ ಹೇಳಬೇಕಲ್ಲ. ಬಾವಿಯ ಹತ್ತಿರ ಅವಳು ಬಟ್ಟೆ ಹಿಂಡುತ್ತಿದ್ದಳು. ನಿನ್ನ ಕೈಗೆ ನನ್ನ ಕೈಯ ಕೀವು ಅಂಟಿದೆ, ಸಾಕಮ್ಮ ಹೋದದ್ದು ಹಾಗೆ ಎಂದು ಹೇಳಲು ಬಾಯಿ ತೆರೆದೆ. ಅವಳು ತಲೆಯೆತ್ತಿ ನೋಡಿದಳು. ನನ್ನ ಬಾಯಿಂದ ಬಂದದ್ದು ಬೇರೆ.

“ಸಿದ್ದವ್ವ, ಮಾಯಮ್ಮನ ಹೆರಿಗೆ ದಿನ ನೀನು ಬೇಸಿನ್ನಿಗೆ ಹೋಗಬೇಡ. ಊರಲ್ಲಿ ಮಾಡ್ತಿದ್ದಂತೆ ಬಿಸಿನೀರು ಹುಯ್ಯಿಸಿಕೊಂಡು ತೊಳೆ.”

“ಯಾಕಪ್ಪ?”

“ಲೈಸಾಲ್ ಕಮ್ಮಿ ಇದೆ.”

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು. “ನೀನೇ ಹೇಳಿದ್ದಲ್ವಾ, ಬರೀ ನೀರಲ್ಲಿ ಸುದ್ಧ ಆಗಾಕಿಲ್ಲ ಅಂತ?”

“ಹೇಳಿದ್ದೆ, ಆದರೂ...”

“ಕೆಂಪಯ್ಯನೋರ ಸೊಸೆಗೆ ಔಸ್ದಿ ಇತ್ತು. ನನ್ ಮಗಳಿಗೆ ಬರೀ ನೀರಾ?” ದನಿಯಲ್ಲಿ ಕೋಪವಿರಲಿಲ್ಲ. ಬಡವರಿಗೆ ಕೊನೆಗೆ ಹೀಗೇ ಎಂಬುದು ಮೊದಲೇ ಗೊತ್ತಿದ್ದವಳ ದನಿ ಅದು. “ಆಯ್ತು ಬುಡಪ್ಪ, ನೋಡನ.”

ನಾನು ಮನಸ್ಸಿನಲ್ಲೇ ಒಂದು ಏರ್ಪಾಟು ಮಾಡಿಕೊಂಡೆ: ಮಾಯಮ್ಮನಿಗೆ ನೋವು ಶುರುವಾದ ತಕ್ಷಣ ಬೇಸಿನ್ನಿನ ನೀರು ಚೆಲ್ಲಿ, ಉಳಿದ ಲೈಸಾಲನ್ನೆಲ್ಲ ಸುರಿದು ಹೊಸದು ಮಾಡುತ್ತೇನೆ. ಯಾರಿಗೂ ಏನೂ ಹೇಳಬೇಕಾಗಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ, ಕೋಟು ನನ್ನ ಮೈಮೇಲೇ ಇರುತ್ತದೆ. ಹೇಡಿಯ ಏರ್ಪಾಟುಗಳು ಯಾವಾಗಲೂ ಇಷ್ಟೇ ಅಚ್ಚುಕಟ್ಟು.

ನೋವು ಬಂದದ್ದು ಸೋಮವಾರ ಬೆಳಗ್ಗೆ ಹತ್ತೂವರೆಗೆ. ಆ ಹೊತ್ತಿಗೆ ಡಾಕ್ಟರು ಚಿಕ್ಕಮಾದುವಿನ ತೊಡೆಯಲ್ಲಿ ಕಟ್ಟಿದ್ದ ಕೀವನ್ನು ಕುಯ್ದು ಮುಗಿಸಿದ್ದರು. ಡಾಕ್ಟರು ಹೊರಗೆ ಹೋಗಿ ತೊಳೆದರು. ನಂಜುಂಡಸ್ವಾಮಿ ತೊಳೆದ. ನಾನೂ ಒಂದು ಸಲ ಹೋಗಿ ಅದ್ದಿ, ಮತ್ತೆ ಒಳಗೆ ಬಂದು ಚಿಕ್ಕಮಾದುವಿನ ಕಾಲು ಹಿಡಿದು ಕೂತಿದ್ದೆ. ಬಟ್ಟೆ ಕಟ್ಟುವುದು ಇನ್ನೂ ಅರ್ಧವಿತ್ತು, ಅವನು ನೋವಿಗೆ ನನ್ನ ಕೋಟಿನ ತೋಳನ್ನು ಹಿಡಿದುಕೊಂಡಿದ್ದ. ಹಿಂದುಗಡೆಯಿಂದ ಮಾಯಮ್ಮನ ಕೂಗು ಕೇಳಿತು. “ಬಿಡೋ ಮಾರಾಯ, ಬಂದೆ” ಎಂದೆ. ಅವನು ಬಿಡಲಿಲ್ಲ. ಎಷ್ಟು ಹೊತ್ತು? ಗಂಟು ಹಾಕಿ, ಕಾಲು ದಿಂಬಿನ ಮೇಲಿಟ್ಟು, ತೋಳು ಬಿಡಿಸಿಕೊಂಡು ಬರುವಷ್ಟು.

ವರಾಂಡದಲ್ಲಿ ಸೋಮಯ್ಯ ಚೊಂಬು ಹಿಡಿದು ನಿಂತಿದ್ದ. ನೆಲವೆಲ್ಲ ಸೀಗೆನೊರೆ, ಬಿಸಿನೀರಿನ ಹಬೆ. ಸಿದ್ದವ್ವ ನಾನು ಹೇಳಿದ ಹಾಗೆಯೇ ಮಾಡಿದ್ದಳು. ಒಂದು ಹಂಡೆ ನೀರು ಹುಯ್ಯಿಸಿಕೊಂಡು, ಮೊಣಕೈವರೆಗೆ ಉಜ್ಜಿ, ಕೈಯನ್ನು ಕೆಂಪಗೆ ಮಾಡಿಕೊಂಡಿದ್ದಳು. ಈಗ ಅಳಿಯನ ಪಕ್ಕದಲ್ಲೇ ಬೇಸಿನ್ನಿನ ಮುಂದೆ ನಿಂತು ಆ ಕೈಗಳನ್ನು ಅದರೊಳಗೆ ಮುಳುಗಿಸಿ ತೆಗೆಯುತ್ತಿದ್ದಳು.

“ಸಿದ್ದವ್ವ!”

“ಬಯ್ಬ್ಯಾಡ ಕಣಪ್ಪ. ಕಮ್ಮಿ ಇದೆ ಅಂದೆ, ಕೇಳಿಸ್ಕಂಡೆ. ಚೆಲ್ಲಿಲ್ಲ, ಒಂದು ತೊಟ್ಟೂ ಚೆಲ್ಲಿಲ್ಲ. ಬರೀ ಅದ್ದಿದೆ. ಮೂರೇ ಸಲ.” ಕದ್ದು ಸಿಕ್ಕಿಬಿದ್ದವಳ ಹಾಗೆ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. “ನನ್ ಮಗಳಿಗೂ ವಸಿ ಔಸ್ದಿ ಇರ್ಲಿ.”

ಒಳಗೆ ಕೂಗು ಮತ್ತೆ ಎದ್ದಿತು. ನಾನು ಆಗ ಅವಳ ಕೈ ಹಿಡಿದು ನಿಲ್ಲಿಸಬಹುದಿತ್ತು. ಎಲ್ಲರೆದುರಿಗೆ ‘ಆ ನೀರು ವಿಷ’ ಎಂದು ಕಿರುಚಬಹುದಿತ್ತು. ಚೊಂಬು ಹಿಡಿದ ಸೋಮಯ್ಯ ಎದುರಿಗಿದ್ದ, ಬಿಸಿನೀರು ಇನ್ನೂ ಉಳಿದಿತ್ತು. ನಾನು “ಅದು...” ಎಂದೆ. ಅಷ್ಟರಲ್ಲಿ ಡಾಕ್ಟರು ಕೋಣೆಯಿಂದ ಕರೆದರು, ಅವಳು ಒದ್ದೆಗೈ ಮೇಲೆತ್ತಿ ಹಿಡಿದುಕೊಂಡು ಓಡಿದಳು.

ಹೆರಿಗೆ ಸುಸೂತ್ರವಾಯಿತು. ರಕ್ತ ಹೋಯಿತು, ಡಾಕ್ಟರು ಇಂಜೆಕ್ಷನ್ ಕೊಟ್ಟರು, ನಿಂತಿತು. ಹೆಣ್ಣು ಕೂಸು, ಗಟ್ಟಿ ಕೂಸು. ಸೋಮಯ್ಯ ಅಂಗಡಿಗೆ ಓಡಿ ಬೆಲ್ಲ ತಂದು ಎಲ್ಲರಿಗೂ ಹಂಚಿದ. ಸಿದ್ದವ್ವ ನನ್ನ ಬಾಯಿಗೆ ತಾನೇ ಒಂದು ಚೂರು ತುರುಕಿದಳು. “ತಿನ್ಲಾ. ಇದರ ತಲೆ ನಿನ್ನಷ್ಟು ದಪ್ಪ ಇಲ್ಲ, ಪುಣ್ಯ!” ನಾನು ಆ ಬೆಲ್ಲವನ್ನು ನುಂಗಿದೆ. ಆಗಲಿಕ್ಕಿಲ್ಲ, ಎಲ್ಲರಿಗೂ ಆಗಿಲ್ಲವಲ್ಲ ಎಂದು ದಿನವನ್ನು ಎಣಿಸತೊಡಗಿದೆ. ಒಂದು. ಎರಡು.

ಮೂರನೆಯ ದಿನ ಮಧ್ಯಾಹ್ನ ಮಾಯಮ್ಮ ಹೊದಿಕೆ ಕೇಳಿದಳು.

ಸಿದ್ದವ್ವ ಎರಡು ಹೊದಿಸಿದಳು, ಮೂರು ಹೊದಿಸಿದಳು, ಮೇಲೆ ತಾನೇ ಮಲಗಿ ಅಪ್ಪಿಕೊಂಡಳು. ಮಂಚ ಗಡಗಡ ಎನ್ನುತ್ತಿತ್ತು. ಡಾಕ್ಟರು ಕ್ವಿನೈನ್ ಕೊಟ್ಟರು, ಬ್ರಾಂದಿ ಕೊಟ್ಟರು, ಮೈಸೂರಿಗೆ ತಂತಿ ಕೊಟ್ಟು ಏನೋ ಹೊಸ ಔಷಧಿ ಇದೆಯೇ ಎಂದು ಕೇಳಿದರು; ಇಲ್ಲ ಎಂದು ಬಂತು. ಸಿದ್ದವ್ವ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: “ಎರಡೂ ಮಾಡ್ದೆನಲ್ಲಪ್ಪ. ನೀರೂ ಉಯ್ಯಿಸ್ಕಂಡೆ, ಔಸ್ದೀಲೂ ಅದ್ದಿದೆ. ಇನ್ನೇನ್ ಬಾಕಿ ಇತ್ತು?” ಕೇಳುವುದು ನನ್ನನ್ನೇ, ಓದಿದವನು ನಾನಲ್ಲವೇ.

ಎಂಟನೆಯ ದಿನ ಮಾಯಮ್ಮ ಹೋದಳು. ಕೊನೆಗೆ ನೋವೂ ಇರಲಿಲ್ಲ. ಯಾರನ್ನೋ ನೀರಿಗೆ ಹೋಗಿ ಬರೋಣ ಬಾರೆ ಎಂದು ಕರೆಯುತ್ತಿದ್ದಳು.

ಅರ್ಜಿಯ ಮೇಲೆ ವಿಚಾರಣೆಗೆಂದು ಮೈಸೂರಿನಿಂದ ಒಬ್ಬ ಅಧಿಕಾರಿ ಬಂದದ್ದು ಅದಾದ ಹತ್ತು ದಿನಕ್ಕೆ. ವರಾಂಡದಲ್ಲಿ ಕುರ್ಚಿ ಹಾಕಿ ಕೂತು, ಎಲ್ಲರನ್ನೂ ಕೇಳಿ, ಕೊನೆಗೆ “ಇನ್ನೇನಾದರೂ ಹೇಳುವುದಿದೆಯೇ?” ಎಂದರು. ನಾನು ಹೇಳಿದೆ. ಹಳದಿ ಪುಡಿ, ಬೇಸಿನ್ನು, ಅರ್ಧ ಅಳತೆ, ತೊಳೆಯುವ ಕ್ರಮ, ಎಲ್ಲವನ್ನೂ. ಕೆಲಸ ಹೋಯಿತು ಎಂದುಕೊಂಡೇ ಹೇಳಿದೆ. ಕೆಲಸ ಹೋಗಲಿಲ್ಲ, ಅಷ್ಟು ಹೆದರಿದ್ದೂ ದಂಡವೇ. ಅಧಿಕಾರಿ ತಲೆಯಾಡಿಸಿ, ಇನ್ನು ಮುಂದೆ ಪ್ರತಿಯೊಬ್ಬರೂ ಬೇರೆ ನೀರು ಬಳಸತಕ್ಕದ್ದು ಎಂದು ಒಂದು ಸಾಲು ಬರೆಸಿದರು. ಆದರೆ ಜನರಿಗೆ ಏನಾದರೊಂದು ಕಾಣಬೇಕಲ್ಲ. ಅದರ ಕೆಳಗೆ ತರಬೇತಿಯಿಲ್ಲದ ಹಳ್ಳಿಯ ಸೂಲಗಿತ್ತಿಯನ್ನು ಕೆಲಸದಿಂದ ತೆಗೆಯತಕ್ಕದ್ದು ಎಂದು ಇನ್ನೊಂದು ಸಾಲು. ಅಕ್ಷರ ಚೆನ್ನಾಗಿದೆ ಎಂದು ಅದರ ಶುದ್ಧಪ್ರತಿ ತೆಗೆಯಲು ನನಗೇ ಕೊಟ್ಟರು. ತೆಗೆದುಕೊಟ್ಟೆ.

ಡಾಕ್ಟರು ತಮ್ಮ ಎರಡು ಕೈಗಳನ್ನೂ ಮೇಜಿನ ಮೇಲೆ ಮಗುಚಿಟ್ಟು ನೋಡುತ್ತ ಕೂತಿದ್ದರು. “ಅವತ್ತು ಸಂಜೆ ಬಂದಿದ್ದೆಯಲ್ಲ ಮುದ್ದಯ್ಯ. ಇದನ್ನೇ ಹೇಳೋಕೆ ಬಂದಿದ್ದೆಯಾ?” ಎಂದರು. ಆಮೇಲೆ ಅವರು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡಲಿಲ್ಲ.

ಸಿದ್ದವ್ವನಿಗೂ ಹೇಳಿದೆ. ಗಂಟು ಕಟ್ಟಿಕೊಂಡು ಹೊರಟಿದ್ದಳು. ತಪ್ಪು ನಿನ್ನದಲ್ಲ, ನೀರಿನದು, ನೀರು ಕೆಡಿಸಿದವನು ನಾನು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನ್ನ ಮುಖವನ್ನು ನೋಡಲಿಲ್ಲ, ತನ್ನ ಕೈಗಳನ್ನೇ ನೋಡಿದಳು. “ಸಾಕಮ್ಮಂಗೂ ಇದೇ ಕೈಯೇ” ಎಂದಳು. “ಕೆಂಪಯ್ಯನೋರ ಸೊಸೆಗೂ” ಎಂದಳು. ಹಾಗೆಯೇ ಹೆಸರುಗಳನ್ನು ಹೇಳುತ್ತ ಹೋದಳು.

ಮುಂದಿನ ವರ್ಷ ಬೇಸಗೆಯಲ್ಲಿ ನಾನು ರಾವಂದೂರಿಗೆ ಹೋಗಿದ್ದೆ. ಹೋಗಲು ಅಷ್ಟು ತಿಂಗಳು ಹಿಡಿಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಸೋಮಯ್ಯ ಅತ್ತೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ಮೆದು ಮನುಷ್ಯ ಎಂದೆನಲ್ಲ. ಸಿದ್ದವ್ವ ಜಗುಲಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡು “ಬಾಪ್ಪ” ಎಂದಳು. ಮಜ್ಜಿಗೆಯನ್ನು ಅವಳು ತರಲಿಲ್ಲ, ಸೋಮಯ್ಯ ತಂದುಕೊಟ್ಟ. ಊರಿನಲ್ಲಿ ಯಾರೂ ಅವಳನ್ನು ಹೆರಿಗೆಗೆ ಕರೆಯುವುದಿಲ್ಲ, ಕರೆದರೂ ಅವಳು ಹೋಗುವುದಿಲ್ಲ ಎಂದ. “ಸಗಣಿ ಬಾಚ್ತಾಳೆ, ಸೌದೆ ತತ್ತಾಳೆ. ಅಡುಗೆ ಮುಟ್ಟಾಕಿಲ್ಲ. ಕೂಸನ್ನಂತೂ ಇವತ್ತಿನ ಗಂಟ ಮುಟ್ಟಿಲ್ಲ ಕಣಣ್ಣ. ನಮ್ಮವ್ವನೇ ಸಾಕ್ತಾಳೆ.”

ನಾವು ಮಾತಾಡುತ್ತಿರುವಾಗಲೇ ಕೂಸು ಒಳಗಿನಿಂದ ಅಂಬೆಗಾಲಿಟ್ಟುಕೊಂಡು ಬಂತು. ಮಾಯಮ್ಮನದೇ ಹಣೆ. ನನ್ನನ್ನು ಒಮ್ಮೆ ನೋಡಿ, ನಾನು ಲೆಕ್ಕಕ್ಕಿಲ್ಲದವನೆಂದು ತೀರ್ಮಾನಿಸಿ, ನೇರವಾಗಿ ಅಜ್ಜಿಯ ಹತ್ತಿರ ಹೋಗಿ, ಸೀರೆ ಹಿಡಿದು ಮೇಲೇರತೊಡಗಿತು. ಸಿದ್ದವ್ವ ಎರಡು ಕೈಗಳನ್ನೂ ತಲೆಗಿಂತ ಮೇಲಕ್ಕೆ ಎತ್ತಿಬಿಟ್ಟಳು. ಕೂಸು ಮಡಿಲಿಗೆ ಹತ್ತಿತು, ಜಾರಿತು, ಮತ್ತೆ ಹತ್ತಿತು, ಕತ್ತಿಗೆ ಜೋತುಬಿದ್ದು ಮುಖವನ್ನು ಎದೆಗೆ ಉಜ್ಜಿತು. ಅವಳು ಕೈ ಇಳಿಸಲಿಲ್ಲ. ಕೂಸು ಒಂದು ಪಕ್ಕಕ್ಕೆ ವಾಲಿತು, ಬೀಳುವ ಹಾಗಾಯಿತು.

“ಸೋಮಯ್ಯ, ಬಾರಪ್ಪ ಬೇಗ, ಎತ್ಕೋ” ಎಂದಳು.

ಸೋಮಯ್ಯ ಬಂದು ಎತ್ತಿಕೊಂಡ. ಕೂಸು ಅವಳ ಕಡೆಗೇ ಕೈ ಚಾಚಿ ಅಳತೊಡಗಿತು. ಅವಳು ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

“ಹೊರಡಪ್ಪ ಮುದ್ದಯ್ಯ” ಎಂದಳು ಆ ಕಡೆಯಿಂದಲೇ. “ನಿನ್ ಬಸ್ಸು ಹೊಂಟೋದಾತು.”